ಸ್ಟಾಪ್‌ವಾಚೋ ಜಿಪಿಎಸ್ಸೋ? ಡೀಸೆಲ್ ಕಾರಿನ ಓಟ ಅಳೆಯುವ ಬಗೆ

ಶಿವಮೊಗ್ಗದಿಂದ ಆಗುಂಬೆ ಘಾಟಿಗೆ ಓಡಾಡುವವರಿಗೆ ಕಾರು ಸೊನ್ನೆಯಿಂದ ಗಂಟೆಗೆ 100 ಕಿ.ಮೀ. ವೇಗಕ್ಕೆ ಏರುವ ಲೆಕ್ಕ ಬರೀ ಶೋಕಿ. ಮನೆಮಂದಿಯನ್ನೆಲ್ಲ ಕೂರಿಸಿಕೊಂಡು ಲಾರಿ ಹಿಂದಿಕ್ಕುವಾಗ ಬೇಕಾಗುವುದು ಮೂರನೇ ಗೇರಿನಲ್ಲಿ 30ರಿಂದ 70ಕ್ಕೆ ಏರಲು ಹಿಡಿಯುವ ಸಮಯ. ಡೀಸೆಲ್ ಎಂಜಿನ್ನಿಗೆ ಹೆಚ್ಚು ಗಾಳಿ ತುಂಬುವ ಟರ್ಬೊ ಎಚ್ಚರಗೊಳ್ಳಲು ಮಾಡುವ ತಡವೂ ಅಲ್ಲೇ ಗೊತ್ತಾಗುವುದು.

ಪಕ್ಕದವರು ಸ್ಟಾಪ್‌ವಾಚ್ ಒತ್ತಿದರೆ ಖರ್ಚಿಲ್ಲ. ಆದರೆ ಬೆರಳು ತಡವರಿಸುತ್ತದೆ. ಸ್ಪೀಡೋಮೀಟರೂ ಸಾಮಾನ್ಯವಾಗಿ ನಿಜಕ್ಕಿಂತ ತುಸು ಹೆಚ್ಚೇ ತೋರಿಸುತ್ತದೆ.

ಮೊಬೈಲಿನ ಜಿಪಿಎಸ್ ಆ್ಯಪ್‌ಗೆ ಆ ಚಾಳಿಯಿಲ್ಲ. ಬಹಳಷ್ಟು ಫೋನುಗಳು ಸೆಕೆಂಡಿಗೊಮ್ಮೆ ಮಾತ್ರ ವೇಗ ದಾಖಲಿಸುತ್ತವೆ ಅನ್ನುವುದೇ ತೊಡಕು. 70ರ ವೇಗದಲ್ಲಿ ಒಂದು ಸೆಕೆಂಡೆಂದರೆ 19 ಮೀಟರಿಗೂ ಹೆಚ್ಚು! ಮಲೆನಾಡಿನ ಮರಗಳ ಚಪ್ಪರದಡಿ ಸಿಗ್ನಲ್ಲೂ ಕೈಕೊಡುತ್ತದೆ. ಸೆಕೆಂಡಿಗೆ 10 ಸಲ ಅಳೆಯುವ ಪ್ರತ್ಯೇಕ ಜಿಪಿಎಸ್ ಉಪಕರಣ ಎಷ್ಟೋ ವಾಸಿ, ಆದರೆ ಒಂದೇ ಕಾರಿಗಾಗಿ ಕೊಳ್ಳುವುದು ದಂಡ.

ಕಾರಿನ ತಪಾಸಣೆ ಸಾಕೆಟ್ಟಿಗೆ ಸಿಕ್ಕಿಸಿದರೆ ಕಾರಿನ ಕಂಪ್ಯೂಟರಿನಿಂದಲೇ ವೇಗ ಓದುವ ಪುಟ್ಟ ಸಾಧನ ಓಬಿಡಿ ಡಾಂಗಲ್; ಅದಕ್ಕೆ ಮರದ ಕಾಟವಿಲ್ಲ. ಟೈರಿನ ಅಳತೆ ಬದಲಾಯಿಸಿದ್ದರೆ ಮಾತ್ರ ಅದರ ಲೆಕ್ಕ ತಪ್ಪುತ್ತದೆ.

ಎರಡು ಕಾರು ತೂಗಿನೋಡುವವರಿಗೆ ನನ್ನ ಓಟು ಜಿಪಿಎಸ್ ಆ್ಯಪ್‌ಗೇ. ಭದ್ರಾವತಿ ಕಡೆಯ ಬಯಲಿನಲ್ಲಿ ವಾಹನವಿಲ್ಲದ ನೇರ ರಸ್ತೆ ಹುಡುಕಿ, ಎರಡರಲ್ಲೂ ಅಷ್ಟೇ ಜನ ಕೂತು, ಹೋಗುತ್ತ ಬರುತ್ತ ಮೂರು ಮೂರು ಸಲ ಅಳೆದು ಸರಾಸರಿ ತೆಗೆಯಿರಿ. ಕಣ್ಣಿಗೆ ಕಾಣದ ಏರಿಳಿತ ಅದರಲ್ಲಿ ಕಳೆದುಹೋಗುತ್ತದೆ. ಮಳೆಗಾಲದಲ್ಲಂತೂ ಈ ಸಾಹಸ ಬೇಡವೇ ಬೇಡ.