ಆರ್ಚ್‌ಟಾಪ್ ಗಿಟಾರ್: ಕೆತ್ತಿದ್ದೋ, ಒತ್ತಿ ಬಾಗಿಸಿದ್ದೋ?

ಆರ್ಚ್‌ಟಾಪ್‌ನ ಜೀವ ಇರುವುದು ಅದರ ಉಬ್ಬಿದ ಮೇಲ್ಹಲಗೆಯಲ್ಲಿ. ಕೈಯಲ್ಲಿ ಮಾಡುವವರು ದಪ್ಪ ಸ್ಪ್ರೂಸ್ ಮರವನ್ನು ಕೆತ್ತುತ್ತಾ, ಬೆರಳಿನಿಂದ ತಟ್ಟಿ ನಾದ ಕೇಳುತ್ತಾ, ಅಗತ್ಯವಿದ್ದಲ್ಲಿ ಮಾತ್ರ ತೆಳುವಾಗಿಸುತ್ತಾರೆ. ಒಂದೊಂದು ಹಲಗೆಯ ಸ್ವಭಾವವೂ ಬೇರೆ, ಹಾಗಾಗಿ ಅವಸರ ಮಾಡುವಂತಿಲ್ಲ. ನ್ಯೂಯಾರ್ಕಿನ ಹೆಸರಾಂತ ಗಿಟಾರ್ ಕುಶಲಕರ್ಮಿ ಜಾನ್ ಡಿ'ಆಂಜೆಲಿಕೊ 1964ರಲ್ಲಿ ತೀರಿಕೊಂಡ ಮೇಲೆ ಶಿಷ್ಯ ಜಿಮ್ಮಿ ಡಿ'ಅಕ್ವಿಸ್ಟೊ 1995ರಲ್ಲಿ ಸಾಯುವವರೆಗೂ ಈ ಕೆಲಸ ಮುಂದುವರಿಸಿದರು. ಈಗ ಇಂಥ ಕೈಗಳು ವಿರಳ. ಹೊಸದೊಂದಕ್ಕೆ ಸಾವಿರಾರು ಡಾಲರ್ ತೆರಬೇಕು. ಆ ಶ್ರಮಕ್ಕೆ ಅದು ಹೆಚ್ಚಲ್ಲ ಎಂದೇ ನನ್ನ ನಂಬಿಕೆ.

ಆದರೆ ಅಗ್ಗದ್ದೆಲ್ಲ ಕಳಪೆಯಲ್ಲ. ಐಬನೀಜ್ ಕಂಪನಿಯ ಆರ್ಟ್‌ಕೋರ್‌ನಂಥ ಗಿಟಾರ್‌ಗಳಲ್ಲಿ ತೆಳುಪದರಗಳನ್ನು ಅಂಟಿಸಿ ಒತ್ತಿ ಬಾಗಿಸಿದ ಹಲಗೆಯಿದೆ. ಆಂಪ್ಲಿಫೈಯರ್ ಇಲ್ಲದೆ ನುಡಿಸಿದರೆ ನಾದ ಮಂಕು. ವೇದಿಕೆಯಲ್ಲಿ ಮಾತ್ರ ಇದೇ ಅನುಕೂಲ: ಹಲಗೆ ಕಡಿಮೆ ಕಂಪಿಸುವುದರಿಂದ ಫೀಡ್‌ಬ್ಯಾಕ್ (ಸ್ಪೀಕರಿನ ಸದ್ದು ಗಿಟಾರನ್ನೇ ಮತ್ತೆ ಕಂಪಿಸಿ ಕೂಗಿಸುವುದು) ಕಾಟ ಕಡಿಮೆ. 1949ರಲ್ಲಿ ಬಂದ ಗಿಬ್ಸನ್ ಇಎಸ್-175 ಕೂಡ ಪದರದ ಹಲಗೆಯದೇ. ಜಾಝ್ ಗಿಟಾರ್ ವಾದಕ ಜೋ ಪಾಸ್ ಅದನ್ನು ನುಡಿಸಿದವರು. ತೇವ ಏರಿಳಿಯುವ ನಮ್ಮ ಕರಾವಳಿಯಲ್ಲೂ ಪದರದ ಹಲಗೆ ಬಿರುಕು ಬಿಡುವುದು ಕಡಿಮೆ.

ಇವೆರಡರ ನಡುವೆ ಚೀನಾದಲ್ಲಿ ತಯಾರಾಗುವ ಈಸ್ಟ್‌ಮನ್ ಗಿಟಾರ್ ಇದೆ. ಅದರ ಹಲವು ಮಾದರಿಗಳಲ್ಲಿ ಕೆತ್ತಿದ ಇಡೀ ಮರದ ಹಲಗೆಯೇ ಸಿಗುತ್ತದೆ, ಬೆಲೆ ಅಮೆರಿಕದ ಕುಶಲಕರ್ಮಿಯದಕ್ಕಿಂತ ಬಹಳ ಕಡಿಮೆ.

ಬ್ಯಾಂಡಿನಲ್ಲಿ ಜೋರಾಗಿ ನುಡಿಸುವವರು ಪದರದ್ದನ್ನೇ ಕೊಳ್ಳಿ. ಮನೆಯಲ್ಲಿ ಪ್ಲಗ್ ಇಲ್ಲದೆ ನುಡಿಸುವವರಿಗೆ ಈಸ್ಟ್‌ಮನ್ ಒಳ್ಳೆಯದು. ನಿಮ್ಮ ಕೈಗೆ ತಕ್ಕಂತೆ ಗಿಟಾರಿನ ಕತ್ತಿನ ದಪ್ಪ, ನಾದದ ಬಣ್ಣ ಎಲ್ಲ ಬೇಕೆಂದರೆ ಮಾತ್ರ ಕುಶಲಕರ್ಮಿಯ ಹತ್ತಿರ ಹೋಗಿ, ಕಾಯುವ ತಾಳ್ಮೆಯಿಟ್ಟುಕೊಂಡು.