ಫೋಟೊ ತೋರಿಸದೆ ಫೋಟೊ ತಡೆಯುವ ಸೇವೆ: ಸ್ಟಾಪ್‌ಎನ್‌ಸಿಐಐ ಬಳಸಿದ ಅನುಭವ

ಗಂಗಾವತಿಯ ನಮ್ಮ ಓಣಿಯ ಹುಡುಗಿಯೊಬ್ಬಳು, ಬಿ.ಕಾಂ. ಕೊನೆಯ ವರ್ಷದವಳು, ಒಂದು ರಾತ್ರಿ ಮನೆಗೆ ಬಂದು ಮೊಬೈಲನ್ನು ಬೋರಲಾಗಿಟ್ಟು ಬಹಳ ಹೊತ್ತು ಮಾತಿಲ್ಲದೆ ಕುಳಿತಳು. ಸಂಬಂಧ ಮುರಿದ ಮೇಲೆ ಹುಡುಗನೊಬ್ಬ ತನ್ನಲ್ಲಿ ಉಳಿದಿದ್ದ ಅವಳ ನಾಲ್ಕು ಖಾಸಗಿ ಫೋಟೊಗಳನ್ನು ಇನ್‌ಸ್ಟಾಗ್ರಾಂಗೆ ಹಾಕುವುದಾಗಿ ಹೆದರಿಸುತ್ತಿದ್ದ. ಅಪ್ಪನಿಗೆ ತಿಳಿದರೆ ಓದು ನಿಲ್ಲುತ್ತದೆ ಎಂಬುದೇ ಅವಳ ಮೊದಲ ಭಯವಾಗಿತ್ತು. ಆ ರಾತ್ರಿ ನಾವು ಬಳಸಿದ ಸ್ಟಾಪ್‌ಎನ್‌ಸಿಐಐ.ಆರ್ಗ್ (ಎನ್‌ಸಿಐಐ ಎಂದರೆ ಒಪ್ಪಿಗೆಯಿಲ್ಲದೆ ಹಂಚುವ ಖಾಸಗಿ ಚಿತ್ರ) ಎಂಬ ಉಚಿತ ಸೇವೆಯ ಹೆಸರನ್ನೇ ನಮ್ಮ ಕಡೆ ಅನೇಕರು ಕೇಳಿಲ್ಲವಾದ್ದರಿಂದ, ಅವಳ ಒಪ್ಪಿಗೆ ಪಡೆದು ಇದನ್ನು ಬರೆಯುತ್ತಿದ್ದೇನೆ.

2021ರ ಡಿಸೆಂಬರಿನಲ್ಲಿ ಆರಂಭವಾದ ಈ ಸೇವೆಯನ್ನು ನಡೆಸುತ್ತಿರುವುದು ಬ್ರಿಟನ್ನಿನ ಎಸ್‌ಡಬ್ಲ್ಯುಜಿಎಫ್‌ಎಲ್ ಎಂಬ ದತ್ತಿ ಸಂಸ್ಥೆ. ಫೋಟೊವನ್ನು ಯಾರಿಗೂ ಕಳುಹಿಸಬೇಕಾಗಿಲ್ಲ ಎಂಬುದೇ ಇದರ ಹೆಚ್ಚುಗಾರಿಕೆ. ಮೊಬೈಲಿನಲ್ಲಿರುವ ಫೋಟೊವನ್ನು ಆರಿಸಿದರೆ, ಮೊಬೈಲಿನೊಳಗೇ ಅದರಿಂದ ಹ್ಯಾಶ್ ಎಂಬ ಅಂಕಿ-ಅಕ್ಷರಗಳ ಸಾಲೊಂದು ತಯಾರಾಗುತ್ತದೆ. ಬೆರಳಚ್ಚು ನೋಡಿ ಮುಖ ಬಿಡಿಸಲಾಗದಂತೆ, ಆ ಸಾಲಿನಿಂದ ಫೋಟೊವನ್ನು ಮತ್ತೆ ಪಡೆಯಲಾಗದು. ಹೊರಗೆ ಹೋಗುವುದು ಆ ಸಾಲು ಮಾತ್ರ. ಫೇಸ್‌ಬುಕ್, ಇನ್‌ಸ್ಟಾಗ್ರಾಂ, ರೆಡ್ಡಿಟ್ ಮೊದಲಾದ ಭಾಗೀದಾರ ಕಂಪನಿಗಳು, ಯಾರಾದರೂ ಅದೇ ಫೋಟೊ ಏರಿಸಿದಾಗ ಹ್ಯಾಶ್ ತಾಳೆ ನೋಡಿ, ಅದು ತಮ್ಮ ನಿಯಮ ಮೀರಿದ್ದರೆ ತಡೆಯುತ್ತವೆ.

ನಮೂನೆಯನ್ನು ನಾವು ಇಂಗ್ಲಿಷಿನಲ್ಲಿ ತುಂಬಿದೆವು. ಒಂದೊಂದು ಪ್ರಶ್ನೆಯನ್ನೂ ನಾನು ಕನ್ನಡದಲ್ಲಿ ಬಿಡಿಸಿ ಹೇಳಿದೆ. ಫೋಟೊ ಆರಿಸುವ ಹೊತ್ತಿಗೆ ನಾನು ಕಿಟಕಿಯ ಕಡೆ ತಿರುಗಿ ಕುಳಿತೆ. "ಅಕ್ಕಾ, ಇದು ಅವ್ರಿಗೆ ಕಾಣ್ತದೇನು?" ಎಂದು ಎರಡು ಸಲ ಕೇಳಿದಳು, ಎರಡು ಸಲವೂ ಇಲ್ಲವೆಂದೆ. ಕೊನೆಯಲ್ಲಿ ಒಂದು ಪ್ರಕರಣ ಸಂಖ್ಯೆ, ಒಂದು ಪಿನ್ ಬರುತ್ತವೆ. ಇವನ್ನು ಕಳೆದುಕೊಂಡರೆ ಮತ್ತೆ ಪಡೆಯುವ ದಾರಿಯಿಲ್ಲವಾದ್ದರಿಂದ, ಅವಳು ಅಕೌಂಟೆನ್ಸಿ ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ, ಲೆಕ್ಕದ ಸಂಖ್ಯೆಗಳ ನಡುವೆ ಬರೆದಿಟ್ಟುಕೊಂಡಳು.

ಕೊರತೆಗಳೂ ಇವೆ, ಅವು ಸಣ್ಣವಲ್ಲ. ಫೋಟೊ ನಮ್ಮ ಬಳಿ ಇದ್ದರೆ ಮಾತ್ರ ಹ್ಯಾಶ್ ಮಾಡಬಹುದು. ಅವಳು ಹೆದರಿ ಎಲ್ಲವನ್ನೂ ಅಳಿಸಿದ್ದಳು, ಮೊಬೈಲಿನ ಕಸದ ಬುಟ್ಟಿಯಿಂದ (ಟ್ರ್ಯಾಶ್) ಮರಳಿ ಸಿಕ್ಕಿದ್ದು ಮೂರು ಮಾತ್ರ. ಫೋಟೊವನ್ನು ಕತ್ತರಿಸಿ, ಬದಲಿಸಿ ಹಾಕಿದರೆ ಅದಕ್ಕೆ ಹೊಸ ಹ್ಯಾಶ್ ಬೇಕಾಗಬಹುದು. ವಾಟ್ಸ್‌ಆ್ಯಪ್‌ನಲ್ಲಿ ಕೈಯಿಂದ ಕೈಗೆ ಹೋಗುವುದನ್ನು ಇದು ತಡೆಯಲಾರದು. 18 ತುಂಬದವರು ಇದನ್ನು ಬಳಸುವಂತಿಲ್ಲ. ಅವರಿಗೆ ಇದೇ ಬಗೆಯ ಟೇಕ್ ಇಟ್ ಡೌನ್ ಎಂಬ ಬೇರೆ ಸೇವೆಯಿದೆ. ಎಲ್ಲಕ್ಕಿಂತ ಮುಖ್ಯವಾಗಿ, ಇದು ಹೆದರಿಸಿದವನನ್ನು ಮುಟ್ಟುವುದಿಲ್ಲ.

ಆದ್ದರಿಂದ ಮರುದಿನ ಪೊಲೀಸ್ ಠಾಣೆಯೊಂದಕ್ಕೆ ಹೋದೆವು. ನಾಲ್ಕು ಜನ ಗಂಡಸರು ನಿಂತಿದ್ದ ಕೌಂಟರಿನಲ್ಲಿ "ಫೋಟೊ ತೋರಿಸಮ್ಮ" ಎಂದರು. ಅವಳು ನನ್ನ ಕೈ ಹಿಡಿದು ಹೊರಗೆ ಬಂದುಬಿಟ್ಟಳು. ದೂರದ ದೇಶದ ಒಂದು ವೆಬ್‌ಸೈಟು ನೋಡದೆಯೇ ನಂಬಿದ ಮಾತನ್ನು ನಂಬಲು ಇಲ್ಲಿ ಅವಳ ಮಾನವನ್ನೇ ಕೇಳಿದರು ಎಂಬ ಸಂಕಟ ನನಗೆ ಇನ್ನೂ ಹೋಗಿಲ್ಲ.

ಮನೆಗೆ ಬಂದು ಸೈಬರ್‌ಕ್ರೈಮ್.ಗವ್.ಇನ್ ಪೋರ್ಟಲ್‌ನಲ್ಲಿ ದೂರು ದಾಖಲಿಸಿದೆವು. ಮಹಿಳೆಯರು, ಮಕ್ಕಳಿಗೆ ಸಂಬಂಧಿಸಿದ ಇಂಥ ದೂರನ್ನು ಹೆಸರು ಹೇಳದೆಯೂ ಕೊಡಬಹುದು. ಆದರೆ ಆಗ ದೂರು ಎಲ್ಲಿಗೆ ಬಂತೆಂದು ನೋಡಲಾಗದು. ಅವಳು ಯೋಚಿಸಿ ಹೆಸರು ಕೊಟ್ಟಳು. ಬೆದರಿಕೆಯ ಸಂದೇಶಗಳನ್ನು ಅವಳು ಅಳಿಸದೆ ಉಳಿಸಿದ್ದರಿಂದ ದಿನಾಂಕ, ಖಾತೆಯ ಹೆಸರು ಕಾಣುವ ಸ್ಕ್ರೀನ್‌ಶಾಟ್‌ಗಳನ್ನು ಜೊತೆಗಿಡಲು ಸಾಧ್ಯವಾಯಿತು. ಒಬ್ಬರ ಗುಪ್ತಾಂಗದ ಚಿತ್ರವನ್ನು ಒಪ್ಪಿಗೆಯಿಲ್ಲದೆ ಪ್ರಕಟಿಸಿದರೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಇ ಕಲಮಿನಡಿ 3 ವರ್ಷದವರೆಗೆ ಜೈಲುಂಟು. ಫೋಟೊ ಹೊರಬಿದ್ದರೂ, 2021ರ ಮಾಹಿತಿ ತಂತ್ರಜ್ಞಾನ ನಿಯಮಗಳ ಪ್ರಕಾರ ಸಂತ್ರಸ್ತೆಯಾಗಲಿ ಅವಳ ಪರವಾಗಿ ಬೇರೊಬ್ಬರಾಗಲಿ ದೂರಿದ 2 ಗಂಟೆಯೊಳಗೆ (2026ರ ಫೆಬ್ರುವರಿಯ ತಿದ್ದುಪಡಿಗೆ ಮೊದಲು ಇದು 24 ಗಂಟೆಯಿತ್ತು) ಸಾಮಾಜಿಕ ಜಾಲತಾಣ ಅದನ್ನು ತೆಗೆಯಲು ಕ್ರಮ ಕೈಗೊಳ್ಳಬೇಕು. ಪರವಾಗಿ ದೂರಬಹುದೆಂಬ ಮಾತು ಕೇಳಿದ ಮೇಲೆಯೇ ಅವಳು ಆ ದಿನ ಊಟ ಮಾಡಿದ್ದು.

ಬೆದರಿಕೆಯ ಸಂದೇಶಗಳು ನಿಂತಿವೆ. ಮೂರು ಫೋಟೊಗಳ ಸ್ಥಿತಿಯನ್ನು ಅವಳೇ ಆಗಾಗ ಪಿನ್ ಹಾಕಿ ನೋಡಿಕೊಳ್ಳುತ್ತಾಳೆ. ನಾಲ್ಕನೆಯದರ ಮಾತು ಬಂದಾಗ ಮಾತ್ರ ಈಗಲೂ ಮೊಬೈಲನ್ನು ಬೋರಲಾಗಿಡುತ್ತಾಳೆ.