ಗೆಳೆಯರ ಕೈಗಡದ ಲೆಕ್ಕಕ್ಕೆ ಸ್ಪ್ಲಿಟ್‌ವೈಸ್ ಆಗುತ್ತಾ?

ಸ್ಪ್ಲಿಟ್‌ವೈಸ್ ಅಂದರೆ ಯಾರು ಯಾರಿಗೆ ಎಷ್ಟು ಕೊಡಬೇಕು ಅನ್ನುವ ಲೆಕ್ಕ ಇಡುವ ಫೋನಿನ ಆ್ಯಪ್. ಅದರ ಬಗ್ಗೆ ಬರೆಯುವವರೆಲ್ಲ ಪ್ರವಾಸದ ಖರ್ಚು, ಒಂದೇ ಮನೆಯಲ್ಲಿರುವವರ ಬಾಡಿಗೆ, ಹೋಟೆಲ್ ಬಿಲ್ಲು ಹಂಚಿಕೊಳ್ಳುವುದರ ಬಗ್ಗೆಯೇ ಬರೆಯುತ್ತಾರೆ. ತಪ್ಪೇನಿಲ್ಲ, 2011ರಲ್ಲಿ ಅಮೆರಿಕದ ಪ್ರಾವಿಡೆನ್ಸ್ ನಗರದಲ್ಲಿ ಈ ಕಂಪನಿ ಶುರುವಾಗಿದ್ದೇ ಆ ಕೆಲಸಕ್ಕೆ. ನಾನು ಅದನ್ನು ಬಳಸುವುದು ಬೇರೆಯದಕ್ಕೆ: ಗೆಳೆಯರ ಹತ್ತಿರ ಇಸಕೊಂಡ ದುಡ್ಡು, ಗೆಳೆಯರಿಗೆ ಕೊಟ್ಟ ದುಡ್ಡು. ಅಂದರೆ ಬಡ್ಡಿಯಿಲ್ಲದ, ಪತ್ರವಿಲ್ಲದ ಕೈಗಡ. ಈ ಕೆಲಸಕ್ಕೆ ಅದು ಹೇಗಿದೆ ಅನ್ನುವುದನ್ನು ಯಾರೂ ಸರಿಯಾಗಿ ಬರೆದದ್ದು ಕಾಣಲಿಲ್ಲ, ಅದಕ್ಕೇ ಇದು.

ನಾನು ಫೋಟೋ ತೆಗೆದು ಬದುಕುವವಳು. ಕೆಲಸ ಇದ್ದಾಗ ಒಟ್ಟಿಗೆ ಬರುತ್ತದೆ. ಕೆಲಸ ಮುಗಿದ ಮೇಲೆ ದುಡ್ಡು ಮಾತ್ರ ಪಾರ್ಟಿಯವರಿಗೆ ಮನಸ್ಸು ಬಂದಾಗ ಬರುತ್ತದೆ. ನನ್ನ ಬಳಗದಲ್ಲಿ ಇರುವವರೂ ಇಂಥವರೇ. ಒಬ್ಬ ವಿಡಿಯೊ ಎಡಿಟರ್, ಒಬ್ಬ ಸೌಂಡ್ ರೆಕಾರ್ಡ್ ಮಾಡುವವನು, ಒಬ್ಬಳು ಅನುವಾದ ಮಾಡುವವಳು. ಒಂದು ತಿಂಗಳು ನಾನು ಕೊಡುವವಳು, ಮುಂದಿನ ತಿಂಗಳು ನಾನೇ ಕೇಳುವವಳು. ನಮ್ಮ ಬಳಗ ನಿಂತಿರುವುದೇ ಈ ಕೊಡು-ಕೊಳ್ಳುವಿಕೆಯ ಮೇಲೆ. ಹಾಗಾಗಿ ಲೆಕ್ಕ ಕೆಡದಂತೆ ನೋಡಿಕೊಳ್ಳುವುದು ನನಗೆ ತುಂಬ ಮುಖ್ಯ.

ನಾನು ಕಂಡ ಹಾಗೆ ಗೆಳೆಯರ ಮನಸ್ಸು ದುಡ್ಡಿಗಾಗಿ ಮುರಿದದ್ದು ಬಹಳಷ್ಟು ಸಲ ಮರೆವಿನಿಂದ. ಕೊಟ್ಟವನ ತಲೆಯಲ್ಲಿ ಹನ್ನೆರಡು ಸಾವಿರ ಇರುತ್ತದೆ, ಇಸಕೊಂಡವನ ತಲೆಯಲ್ಲಿ ಹತ್ತು. ನಡುವೆ ಒಂದು ಸಲ ಎರಡು ಸಾವಿರ ವಾಪಸ್ ಬಂದಿತ್ತು. ಕೊಟ್ಟವನು ಅದನ್ನು ಬೇರೆ ಯಾವುದೋ ಬಾಬ್ತಿಗೆ ಜಮಾ ಮಾಡಿಕೊಂಡಿದ್ದ. ಇಬ್ಬರೂ ಪ್ರಾಮಾಣಿಕರೇ. ಇಬ್ಬರೂ ದಾಕ್ಷಿಣ್ಯಕ್ಕೆ ಬಾಯಿ ಬಿಡುವುದಿಲ್ಲ. ಒಳಗೊಳಗೇ 'ಎಷ್ಟು ಸಲೀಸಾಗಿ ಮರೆತುಬಿಟ್ಟ ನೋಡು' ಅಂದುಕೊಳ್ಳುತ್ತಾ ಫೋನು ಮಾಡುವುದು ಕಡಿಮೆಯಾಗುತ್ತದೆ. ಎರಡು ಸಾವಿರಕ್ಕೆ ಎಷ್ಟೋ ವರ್ಷದ ಸ್ನೇಹ ಹೋಗುತ್ತದೆ. ನನಗೆ ಬೇಕಾಗಿದ್ದದ್ದು ಇಷ್ಟೇ: ಇಬ್ಬರ ಕಣ್ಣಿಗೂ ಒಂದೇ ಮೊತ್ತ ಕಾಣಬೇಕು, ಯಾರೂ ಯಾರನ್ನೂ ಕೇಳದೆಯೇ.

ಈ ಒಂದು ಕೆಲಸವನ್ನು ಸ್ಪ್ಲಿಟ್‌ವೈಸ್ ಚೆನ್ನಾಗಿ ಮಾಡುತ್ತದೆ. ಹೋದ ಸಲ ನನ್ನ ಲೆನ್ಸು ಫೋಕಸ್ ಆಗದೆ ಕೈಕೊಟ್ಟಾಗ ಅನುವಾದಕಿ ಗೆಳತಿಯಿಂದ ದುಡ್ಡು ಇಸಕೊಂಡೆ. ಅವತ್ತೇ ಆ್ಯಪ್ ತೆರೆದು ಅವಳ ಹೆಸರಿನಲ್ಲಿ ಒಂದು ನಮೂದು ಹಾಕಿದೆ. ವಿವರಣೆಯ ಜಾಗದಲ್ಲಿ 'ಲೆನ್ಸ್ ರಿಪೇರಿಗೆ ಕೈಗಡ' ಅಂತ ಬರೆದೆ, ಮೊತ್ತ ಹಾಕಿದೆ. ಕೆಳಗೆ ಯಾರು ಕೊಟ್ಟರು, ಹೇಗೆ ಹಂಚಬೇಕು ಅನ್ನುವ ಸಾಲು ಇರುತ್ತದೆ. ಇಲ್ಲಿ ಸ್ವಲ್ಪ ನಿಂತು ನೋಡಬೇಕು. ಆ್ಯಪ್ ತಾನಾಗಿಯೇ 'ನೀವು ಕೊಟ್ಟಿದ್ದೀರಿ, ಸಮಪಾಲು' ಅಂತ ಹಿಡಿದುಕೊಂಡಿರುತ್ತದೆ. ಖರ್ಚು ಹಂಚುವುದಕ್ಕೆ ಅದು ಸರಿ. ಕೈಗಡಕ್ಕೆ ಹಾಗೆ ಬಿಟ್ಟರೆ ಕೊಟ್ಟವರು ತಿರುವುಮುರುವಾಗುತ್ತಾರೆ, ಸಾಲವೂ ಅರ್ಧವಾಗುತ್ತದೆ. ಆ ಸಾಲನ್ನು ಒತ್ತಿದರೆ ಪೂರ್ತಿ ಮೊತ್ತ ಗೆಳತಿಗೇ ಬರಬೇಕು ಅನ್ನುವ ಆಯ್ಕೆ ಸಿಗುತ್ತದೆ. ಅದನ್ನು ಆರಿಸಿದರೆ ಮುಗಿಯಿತು. ನನ್ನ ಫೋನಿನಲ್ಲಿ ಅವಳ ಹೆಸರಿನ ಮುಂದೆ ನಾನು ಕೊಡಬೇಕಾದ್ದು ಕಿತ್ತಳೆ ಬಣ್ಣದಲ್ಲಿ, ಅವಳ ಫೋನಿನಲ್ಲಿ ಅದೇ ಮೊತ್ತ ಬರಬೇಕಾದ್ದು ಅಂತ ಹಸಿರಿನಲ್ಲಿ.

ನಮ್ಮ ಬಳಗದಲ್ಲಿ ಒಂದು ರೂಢಿ ಮಾಡಿಕೊಂಡಿದ್ದೇವೆ: ನಮೂದು ಹಾಕಬೇಕಾದವರು ಇಸಕೊಂಡವರು. ಕೊಟ್ಟವರು ಹಾಕಿದರೆ ಅದು ಎಷ್ಟೇ ಆದರೂ 'ನೆನಪಿದೆ ತಾನೇ' ಅಂದ ಹಾಗೆ ಕೇಳಿಸುತ್ತದೆ. ಇಸಕೊಂಡವರೇ ಹಾಕಿದಾಗ ಕೊಟ್ಟವರ ಮನಸ್ಸಿಗೆ ಎಷ್ಟು ನಿರಾಳ ಅನ್ನುವುದು ಕೊಟ್ಟು ನೋಡಿದವರಿಗೆ ಗೊತ್ತು. ವಾಪಸ್ ಕೊಡುವಾಗ 'ಸೆಟಲ್ ಅಪ್' ಒತ್ತಿ ಎಷ್ಟು ಕೊಟ್ಟೆವೋ ಅಷ್ಟು ಬರೆದರೆ ಆಯಿತು. ಪೂರ್ತಿಯೇ ತೀರಿಸಬೇಕೆಂದಿಲ್ಲ. ಲೆನ್ಸಿನ ಸಾಲವನ್ನು ನಾನು ಕಂತಿನಲ್ಲೇ ತೀರಿಸಿದ್ದು. ಪ್ರತಿ ಕಂತಿಗೂ ತಾರೀಖು ಸಮೇತ ಒಂದೊಂದು ಸಾಲು ಉಳಿದಿದೆ, ಬಾಕಿ ಕರಗುತ್ತಾ ಬಂದದ್ದು ಇಬ್ಬರಿಗೂ ಕಾಣುತ್ತದೆ.

ಇಬ್ಬರ ಕೈಯಲ್ಲೂ ಒಂದೇ ದಾಖಲೆ ಇರಬೇಕು ಅನ್ನುವುದು ಹೊಸ ವಿಚಾರವೇನಲ್ಲ. ಇಂಗ್ಲೆಂಡಿನ ರಾಜಖಜಾನೆಯಲ್ಲಿ ನೂರಾರು ವರ್ಷ ಮರದ ಕಡ್ಡಿಗಳ ಮೇಲೆಯೇ ಲೆಕ್ಕ ಇಡುತ್ತಿದ್ದರು. ಸಾವಿರ ಪೌಂಡಿಗೆ ಅಂಗೈ ಅಗಲದ ಕಚ್ಚು, ನೂರಕ್ಕೆ ಹೆಬ್ಬೆರಳಿನಷ್ಟು, ಇಪ್ಪತ್ತಕ್ಕೆ ಕಿರುಬೆರಳಿನಷ್ಟು. ಕಚ್ಚು ಹಾಕಿದ ಮೇಲೆ ಕಡ್ಡಿಯನ್ನು ಉದ್ದಕ್ಕೆ ಸೀಳಿ ಕೊಟ್ಟವರಿಗೊಂದು, ಪಡೆದವರಿಗೊಂದು ತುಂಡು. ಒಬ್ಬರು ತಮ್ಮ ತುಂಡಿನಲ್ಲಿ ಒಂದು ಕಚ್ಚು ಹೆಚ್ಚಿಸಿದರೂ ಎರಡನ್ನೂ ಜೋಡಿಸಿದಾಗ ಸಿಕ್ಕಿಬೀಳುತ್ತಿದ್ದರು. 1826ರವರೆಗೂ ಈ ಪದ್ಧತಿ ಇತ್ತು. ಉಳಿದ ಹಳೆ ಕಡ್ಡಿಗಳನ್ನು 1834ರಲ್ಲಿ ಒಲೆಗೆ ಹಾಕಿ ಸುಡಲು ಹೋಗಿ ಅಲ್ಲಿನ ಸಂಸತ್ ಭವನಕ್ಕೇ ಬೆಂಕಿ ಬಿದ್ದಿತ್ತು. ಸ್ಪ್ಲಿಟ್‌ವೈಸ್‌ನಲ್ಲಿ ನಮೂದನ್ನು ಇಬ್ಬರೂ ತಿದ್ದಬಹುದು, ಅಳಿಸಲೂಬಹುದು. ಆದರೆ ಯಾರು ಏನು ತಿದ್ದಿದರು ಅನ್ನುವುದು 'ಆ್ಯಕ್ಟಿವಿಟಿ' ಪುಟದಲ್ಲಿ ಇಬ್ಬರಿಗೂ ಕಾಣುತ್ತದೆ, ಅಳಿಸಿದ್ದನ್ನು ಮರಳಿ ತರಲೂ ಬರುತ್ತದೆ. ನನ್ನ ಮಟ್ಟಿಗೆ ಈ ಆ್ಯಪ್‌ನ ಅತ್ಯಂತ ಬೆಲೆಬಾಳುವ ಗುಣ ಇದೇ.

ಇನ್ನು, ಎಲ್ಲರೂ ಹೊಗಳುವ 'ಸಿಂಪ್ಲಿಫೈ ಡೆಟ್ಸ್' ಬಗ್ಗೆ. ಗುಂಪಿನೊಳಗೆ ಯಾರು ಯಾರಿಗೆ ಕೊಡಬೇಕು ಅನ್ನುವುದನ್ನು ಸುತ್ತುಬಳಸು ತೆಗೆದು ಕಡಿಮೆ ಪಾವತಿಗಳಿಗೆ ಇಳಿಸುವ ಸೌಲಭ್ಯ ಅದು. ಲೆಕ್ಕವಾಗಿ ನೋಡಿದರೆ ಬಹಳ ಸೊಗಸು. ಐದು ಜನರಿದ್ದರೆ ಹತ್ತು ಜೋಡಿ ಆಗುತ್ತವೆ, ಹತ್ತು ಜೋಡಿಯ ನಡುವೆಯೂ ಬಾಕಿ ಇರಬಹುದು. ಆದರೂ ಎಲ್ಲವನ್ನೂ ಚುಕ್ತಾ ಮಾಡಲು ನಾಲ್ಕು ಪಾವತಿಗಿಂತ ಹೆಚ್ಚು ಎಂದೂ ಬೇಕಾಗುವುದಿಲ್ಲ. ಯಾರು ಒಟ್ಟು ಎಷ್ಟು ಕೊಡಬೇಕು, ಯಾರಿಗೆ ಒಟ್ಟು ಎಷ್ಟು ಬರಬೇಕು ಅನ್ನುವುದು ಒಂದು ಪೈಸೆಯೂ ಬದಲಾಗುವುದಿಲ್ಲ. ಪ್ರವಾಸ ಮುಗಿಸಿ ಬಂದವರಿಗೆ ಇದಕ್ಕಿಂತ ಒಳ್ಳೆಯದು ಇಲ್ಲ.

ಕೈಗಡಕ್ಕೆ ಮಾತ್ರ ಇದನ್ನು ಬಳಸಬೇಡಿ ಅಂತ ಒತ್ತಿ ಹೇಳುತ್ತೇನೆ. ಸೌಂಡಿನವನು ನನ್ನ ಹತ್ತಿರ ಎಂಟು ಸಾವಿರ ಇಸಕೊಂಡಿದ್ದಾನೆ, ನಾನು ಎಡಿಟರ್ ಹತ್ತಿರ ಎಂಟು ಸಾವಿರ ಇಸಕೊಂಡಿದ್ದೇನೆ ಅಂತಿಟ್ಟುಕೊಳ್ಳಿ. ಗುಂಪಿನಲ್ಲಿ ಈ ಸೌಲಭ್ಯ ಚಾಲೂ ಇದ್ದರೆ ನಾನು ನಡುವಿನಿಂದ ಮಾಯ. ಸೌಂಡಿನವನು ನೇರ ಎಡಿಟರ್‌ಗೆ ಎಂಟು ಸಾವಿರ ಬಾಕಿ. ಲೆಕ್ಕ ಸರಿ, ಆದರೆ ಅವನು ಕಷ್ಟ ಹೇಳಿಕೊಂಡದ್ದು ನನ್ನ ಹತ್ತಿರ. 'ಎರಡು ವಾರ ತಡವಾಗುತ್ತೆ ಕಣೇ' ಅಂತ ನನಗೆ ಹೇಳಬಲ್ಲ, ಎಡಿಟರ್‌ಗೆ ಹೇಳಲಾರ. ನಾನೂ ಅಷ್ಟೇ: ನನಗೆ ಅಡಚಣೆಯಲ್ಲಿ ಕೈ ಹಿಡಿದವನಿಗೆ ನನ್ನ ಕೈಯಿಂದಲೇ ಹಣ ಮುಟ್ಟಬೇಕು, ಅವನ ಎದುರು 'ತಗೋ, ತುಂಬ ಉಪಕಾರವಾಯಿತು' ಅನ್ನಬೇಕು. ಯಾರ ಹತ್ತಿರ ಕೇಳಬಹುದು, ಯಾರ ಹತ್ತಿರ ಎಷ್ಟು ಕೇಳಬಹುದು ಅಂತ ಮನುಷ್ಯ ರಾತ್ರಿಯೆಲ್ಲ ಯೋಚಿಸಿ ಒಬ್ಬರಿಗೆ ಫೋನು ಮಾಡಿರುತ್ತಾನೆ. ಆ ಸಾಲವನ್ನು ಇನ್ನೊಬ್ಬರ ಹೆಸರಿಗೆ ವರ್ಗಾಯಿಸುವ ಹಕ್ಕು ಯಾವ ಲೆಕ್ಕಕ್ಕೂ ಇಲ್ಲ.

ಇದಕ್ಕಿಂತ ದೊಡ್ಡ ಮಾತು ಇನ್ನೊಂದಿದೆ. ಗುಂಪಿನೊಳಗೆ ಹಾಕಿದ ನಮೂದು ಗುಂಪಿನವರೆಲ್ಲರಿಗೂ ಕಾಣುತ್ತದೆ. ಯಾರು ಸಾಲ ಮಾಡಿದರು, ಎಷ್ಟು, ಯಾತಕ್ಕೆ, ಎಲ್ಲವೂ. ಆಸ್ಪತ್ರೆ ಖರ್ಚಿಗೆ ಇಸಕೊಂಡದ್ದು ಇಡೀ ಬಳಗಕ್ಕೆ ಗೊತ್ತಾಗಬೇಕಾಗಿಲ್ಲ. ಕೈಗಡವನ್ನು ಯಾವ ಗುಂಪಿಗೂ ಸೇರಿಸದೆ, ಆ ಗೆಳೆಯರ ಹೆಸರನ್ನಷ್ಟೇ ಆರಿಸಿ ಹಾಕಿ. ಆಗ ಅದು ಇಬ್ಬರ ನಡುವೆ ಮಾತ್ರ ಉಳಿಯುತ್ತದೆ.

ಬೇರೆ ದೇಶದಲ್ಲಿರುವ ಗೆಳೆಯರಿಂದ ಹಣ ತರಿಸಿಕೊಳ್ಳುವವರಿಗೆ ಉಪಯೋಗವಾಗುವ ಸಂಗತಿಯೊಂದು. ಅವರು ಡಾಲರ್ ಕಳಿಸಿರುತ್ತಾರೆ, ನಿಮ್ಮ ಕೈಗೆ ಬಂದದ್ದು ನಿಮ್ಮ ನೋಟು. ವರ್ಷದ ಮೇಲೆ ತೀರಿಸುವಾಗ ದರ ಬೇರೆಯಾಗಿರುತ್ತದೆ. ಯಾವುದನ್ನು ವಾಪಸ್ ಕೊಡಬೇಕು? ಸ್ಪ್ಲಿಟ್‌ವೈಸ್‌ನಲ್ಲಿ ನಮೂದು ಹಾಕುವಾಗಲೇ ಕರೆನ್ಸಿ ಆರಿಸಬಹುದು, ಬೇರೆ ಬೇರೆ ಕರೆನ್ಸಿಯ ಬಾಕಿಯನ್ನು ಅದು ಬೇರೆ ಬೇರೆಯಾಗಿಯೇ ತೋರಿಸುತ್ತದೆ. ಅಂದರೆ ಆ ಚರ್ಚೆ ಮೊದಲ ದಿನವೇ ಮುಗಿಯುತ್ತದೆ. ಡಾಲರ್ ಅಂತ ಬರೆದುಕೊಂಡರೆ ಡಾಲರ್, ಅಷ್ಟೇ.

'ರಿಮೈಂಡ್' ಅನ್ನುವ ಗುಂಡಿಯೂ ಇದೆ, ಒತ್ತಿದರೆ ಎದುರಿನವರಿಗೆ ಬಾಕಿಯ ನೆನಪೋಲೆ ಹೋಗುತ್ತದೆ. ಅದನ್ನು ನಾನು ಮುಟ್ಟುವುದಿಲ್ಲ, ಮುಟ್ಟದಿರಲು ಕಾರಣವಿದೆ. ಇದಕ್ಕೆ ಮುಂಚೆ ಸಾಲದ ಲೆಕ್ಕಕ್ಕೇ ಅಂತ ಮಾಡಿದ ಬೇರೊಂದು ಆ್ಯಪ್ ಬಳಸುತ್ತಿದ್ದೆ, ಹೆಸರು ಬೇಡ. ಅದರಲ್ಲಿ ಲೆಕ್ಕ ಕೊಟ್ಟವರ ಫೋನಿನಲ್ಲಿ ಮಾತ್ರ. ಗಡುವು ದಾಟಿದ ದಿನ ನನ್ನನ್ನೊಂದು ಮಾತೂ ಕೇಳದೆ ಅದು ನನ್ನ ಹೆಸರಿನಲ್ಲಿ ಗೆಳತಿಗೆ ಸಂದೇಶ ಕಳಿಸಿಬಿಟ್ಟಿತ್ತು: ನಿಮ್ಮ ಬಾಕಿ ಇಷ್ಟಿದೆ, ಕೂಡಲೇ ಪಾವತಿಸಿ. ಅವಳಾಗ ಅಮ್ಮನನ್ನು ಐಸಿಯುನಲ್ಲಿ ಮಲಗಿಸಿ ಹೊರಗೆ ಬೆಂಚಿನ ಮೇಲೆ ಕೂತಿದ್ದಳು. ನಾನೂ ಅವಳ ಪಕ್ಕದಲ್ಲೇ ಕೂತಿದ್ದೆ. ಫೋನು ನೋಡಿ, ನನ್ನ ಮುಖ ನೋಡಿದಳು. ಏನೂ ಅನ್ನಲಿಲ್ಲ. ಮರುದಿನ ಬೆಳಿಗ್ಗೆ ಎಲ್ಲಿಂದಲೋ ಹೊಂದಿಸಿ ಅಷ್ಟೂ ದುಡ್ಡು ತಂದು ನನ್ನ ಚೀಲದೊಳಗೆ ಇಟ್ಟಳು. ಅದನ್ನು ಅವಳಿಗೆ ವಾಪಸ್ ತಗೊಳ್ಳುವಂತೆ ಒಪ್ಪಿಸಲು ನಾನು ಪಟ್ಟ ಪಾಡು ಅಷ್ಟಿಷ್ಟಲ್ಲ. ಆ ಆ್ಯಪ್ ಅವತ್ತೇ ತೆಗೆದುಹಾಕಿದೆ. ಗೆಳೆಯರಿಗೆ ನೆನಪು ಮಾಡುವುದಿದ್ದರೆ ಬಾಯಲ್ಲಿ ಮಾಡಬೇಕು, 'ಹೇಗಿದ್ದೀಯ' ಅಂತ ಕೇಳಿ, ಉತ್ತರ ಕೇಳಿಸಿಕೊಂಡು, ಆಮೇಲೆ.

ಸ್ಪ್ಲಿಟ್‌ವೈಸ್ ಮಾಡದ ಕೆಲಸಗಳನ್ನೂ ಹೇಳಿಬಿಡುತ್ತೇನೆ. ಅದು ಬಡ್ಡಿ ಕಟ್ಟುವುದಿಲ್ಲ. ಗೆಳೆಯರ ನಡುವೆ ಬೇಕಾಗಿಯೂ ಇಲ್ಲ. ವಾಪಸ್ ಕೊಡುವ ದಿನವನ್ನು ನಾನು ಟಿಪ್ಪಣಿಯಲ್ಲಿ ಬರೆದುಕೊಳ್ಳುತ್ತೇನೆ, 'ಪಾರ್ಟಿ ಬಾಕಿ ಬಂದ ತಕ್ಷಣ, ಇಲ್ಲವಾದರೆ ತಿಂಗಳ ಕೊನೆ' ಅಂತ. ನಾವು ಹಣವನ್ನು ಎಂದಿನ ದಾರಿಯಲ್ಲಿ ಕೊಟ್ಟು ಇಲ್ಲಿ ಗುರುತು ಮಾತ್ರ ಹಾಕುತ್ತೇವೆ. ಉಚಿತ ಆವೃತ್ತಿಯಲ್ಲಿ ದಿನಕ್ಕೆ ಇಷ್ಟೇ ನಮೂದು ಅನ್ನುವ ಮಿತಿ ಇದೆ. ಕೈಗಡಕ್ಕೆ ಅದು ಅಡ್ಡ ಬರುವುದೇ ಇಲ್ಲ, ದಿನಕ್ಕೆ ಹತ್ತು ಸಲ ಯಾರೂ ಸಾಲ ಮಾಡುವುದಿಲ್ಲ. ಇನ್ನು, ಸೈಟು, ಮನೆ, ಮಕ್ಕಳ ಓದು ಅನ್ನುವಂಥ ದೊಡ್ಡ ಮೊತ್ತ ಇದ್ದರೆ ಆ್ಯಪ್ ನಂಬಬೇಡಿ, ಸಹಿ ಸಾಕ್ಷಿ ಹಾಕಿಸಿ ಕಾಗದ ಮಾಡಿಕೊಳ್ಳಿ. ಗೆಳೆತನ ಗಟ್ಟಿಯಿದ್ದರೂ ಮನುಷ್ಯರ ಆಯಸ್ಸು ಗಟ್ಟಿಯಲ್ಲ. ನಾಳೆ ಲೆಕ್ಕ ಮಾಡಬೇಕಾದವರು ಅವರ ಮನೆಯವರಾಗಿರಬಹುದು.

ಒಂದು ಸೌಲಭ್ಯ ಬಂದರೆ ಮನಸಾರೆ ಸಂತೋಷಪಡುತ್ತೇನೆ: ಸಾಲ ಬಿಟ್ಟುಕೊಡುವುದು. ಗೆಳೆಯರಲ್ಲಿ ಇದು ಆಗುತ್ತಲೇ ಇರುತ್ತದೆ. ಐಸಿಯು ಹೊರಗೆ ಕೂತಿದ್ದ ಅದೇ ಗೆಳತಿಯ ಉಳಿದ ಬಾಕಿಯನ್ನು ಮುಂದೆ ನಾನು ಬೇಡವೆಂದೆ. ಅಷ್ಟು ಹೊತ್ತಿಗೆ ಲೆಕ್ಕ ಸ್ಪ್ಲಿಟ್‌ವೈಸ್‌ಗೆ ಬಂದಿತ್ತು. ಅದನ್ನು ಅಲ್ಲಿ ಬರೆಯುವುದು ಹೇಗೆ? ನಮೂದು ಅಳಿಸಿದರೆ ಅವಳು ಕೇಳಿದ್ದೂ ನಾನು ಕೊಟ್ಟದ್ದೂ ಇಲ್ಲವೇ ಇಲ್ಲ ಅಂದ ಹಾಗೆ. 'ಸೆಟಲ್ ಅಪ್' ಒತ್ತಿದರೆ ಅವಳು ತೀರಿಸಿದಳು ಅಂದ ಹಾಗೆ. ಬಹಳ ಯೋಚಿಸಿ ಎರಡನೆಯದನ್ನೇ ಮಾಡಿ, ಆ ನಮೂದಿನ ಕೆಳಗೆ 'ಇದು ನನ್ನ ಕಡೆಯಿಂದ' ಅಂತ ಒಂದು ಕಾಮೆಂಟ್ ಹಾಕಿದೆ. ಅವಳು ಅದರ ಕೆಳಗೆ ತನ್ನ ಮಾತು ಬರೆದಳು, ಅದು ನಮ್ಮಿಬ್ಬರದು.

ನಮ್ಮ ಹಾಗೆ ಕೊಡುವುದು ಇಸಕೊಳ್ಳುವುದು ವರ್ಷವಿಡೀ ನಡೆಯುವ ಬಳಗಕ್ಕೆ ಇದನ್ನು ಧೈರ್ಯವಾಗಿ ಹೇಳುತ್ತೇನೆ. ಇಬ್ಬರೂ ಆ್ಯಪ್ ಹಾಕಿಕೊಂಡಿರಬೇಕು, ಇಲ್ಲವಾದರೆ ಅದು ಒಬ್ಬರ ಡೈರಿಯಾಗಿ ಉಳಿಯುತ್ತದೆ. ಅಪರೂಪಕ್ಕೊಮ್ಮೆ ಕೊಡುವವರಿಗೆ ಇಷ್ಟೆಲ್ಲ ಬೇಡ. ಹಣ ಮುಟ್ಟಿದ ದಿನವೇ ಇಸಕೊಂಡವರು ಒಂದು ಮೆಸೇಜ್ ಕಳಿಸಲಿ: ಎಷ್ಟು ಬಂತು, ಯಾವತ್ತು ಬಂತು, ಯಾವಾಗ ವಾಪಸ್ ಕೊಡುತ್ತೇನೆ. ಕೊಟ್ಟವರು 'ಸರಿ' ಅಂತ ಉತ್ತರಿಸಲಿ. ಎರಡೂ ಫೋನಿನಲ್ಲಿ ಅದು ಇರುತ್ತದೆ, ಹುಡುಕಿದರೆ ಸಿಗುತ್ತದೆ.